ಮಾವನ ಜೇಬಿನಲ್ಲಿ ನನ್ನ ಫೋನು

ಭಾನುವಾರ ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷ. ನನ್ನ ಫೋನನ್ನು ಮಾವನವರ ಷರ್ಟಿನ ಜೇಬಿನಲ್ಲಿಟ್ಟು, ಅದು ಜಾರದಂತೆ ಜೇಬಿನ ಬಾಯಿಗೆ ಎರಡು ಪಿನ್ನು ಹಾಕುತ್ತಿದ್ದೆ.

ಪಾರ್ಕಿನ್ಸನ್ ಕಾಯಿಲೆಯ ಸಂಶೋಧನೆಗೆ ನೆರವು ಕೂಡಿಸಲು ಮಧುಗಿರಿಯಲ್ಲಿ ಅಂದು ಮೂರು ಕಿಲೋಮೀಟರ್ ನಡಿಗೆ. ಮಾವ ಚನ್ನಮಲ್ಲಯ್ಯನವರಿಗೂ ಅದೇ ಕಾಯಿಲೆ. ನಡೆಯುತ್ತ ನಡೆಯುತ್ತಲೇ ಕಾಲು ನೆಲಕ್ಕೆ ಅಂಟಿಕೊಂಡುಬಿಡುತ್ತದೆ. ಹೊಳವನಹಳ್ಳಿಯ ಪೇಟೆಯಲ್ಲಿ ಒಮ್ಮೆ ಹಾಗೆ ನಿಂತಾಗ ಯಾರೋ "ಬೆಳಿಗ್ಗೆನೇ ಹಾಕ್ಕಂಡ್ ಬಂದವ್ರೆ" ಅಂದರಂತೆ. ಜೀವಮಾನದಲ್ಲಿ ಕಾಫಿಗಿಂತ ಗಟ್ಟಿಯಾದದ್ದನ್ನು ಕುಡಿಯದ ಮನುಷ್ಯ! ಅಂದಿನಿಂದ ಹೊಸ್ತಿಲು ದಾಟಿರಲಿಲ್ಲ. ಈ ನಡಿಗೆಯ ಸುದ್ದಿ ಕೇಳಿ ತಾವಾಗಿಯೇ ಬರುತ್ತೇನೆ, ಕೊನೆಯವರೆಗೂ ನಡೆಯುತ್ತೇನೆ ಅಂದಿದ್ದರು.

ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದ ಅಳಿಯನಿರುವಾಗ ಅವರಿಗೇನು ಚಿಂತೆ! ತಾಳದ ಸದ್ದು ಕೇಳಿದರೆ ಅಂಟಿದ ಕಾಲು ಎಷ್ಟೋ ಸಲ ಏಳುತ್ತದೆಂದು ಓದಿದ್ದೆ. ಫೋನಿನಲ್ಲಿ 'ಟಕ್ ಟಕ್' ಬಡಿಯುವ ಆ್ಯಪ್ ಹಾಕಿ, ಇಯರ್‌ಫೋನನ್ನು ಮಾವನ ಕಿವಿಗೆ ಸಿಕ್ಕಿಸಿದೆ. ಇಷ್ಟಕ್ಕೇ ನಿಲ್ಲುವವನಲ್ಲ ನಾನು. ಹಿಂದಿನ ಸಂಜೆ ಅಂಗಳದಲ್ಲಿ ಅವರ ನಡಿಗೆ ಪರೀಕ್ಷಿಸಿ, ಮನೆಯವರೆಲ್ಲರ ಮುಂದೆ ಫಲಿತಾಂಶ ಪ್ರಕಟಿಸಿದ್ದೆ: "ಎಂಟುನೂರು ಮೀಟರ್. ಅದಕ್ಕಿಂತ ಹೆಚ್ಚು ಆಗೋದಿಲ್ಲ." ಸರಿಯಾಗಿ ಅಲ್ಲಿ ಕಾಯುವಂತೆ ತಿಮ್ಮರಾಜುವಿನ ಆಟೋ ಗೊತ್ತು ಮಾಡಿದ್ದೆ.

"ಅಪ್ಪ ಕೊನೇವರೆಗೂ ಅಂತಿದ್ರೆ ನೀವು ಆಟೋ ಕರೀತೀರಾ?" ಎಂದಳು ಹೆಂಡತಿ ಲೋಹಿತಾ.

"ವಿಜ್ಞಾನಕ್ಕೆ ದಾಕ್ಷಿಣ್ಯ ಇಲ್ಲ."

"ಅಳಿಯನಿಗಾದ್ರೂ ಇರ್ಬೇಕಲ್ವಾ?"

ನಡಿಗೆ ಹೊರಟಿತು. ಅತ್ತೆ, ಲೋಹಿತಾ ಮಾವನ ಹಿಂದೆ ಬರುತ್ತಿದ್ದರು. ಮಾವನ ಹೆಜ್ಜೆಗಳನ್ನು ಗಮನಿಸಲು ನಾನು, ಮಹಾರಾಜರಿಗೆ ಬೆನ್ನು ತೋರಿಸದ ಮಂತ್ರಿಯಂತೆ, ಹಿಮ್ಮುಖವಾಗಿ ನಡೆದೆ. ಅವರು ಅಚ್ಚುಕಟ್ಟಾಗಿ ಬರುತ್ತಿದ್ದರು. ಪಾವಗಡ ರಸ್ತೆಯ ನಟ್ಟನಡುವೆ ಟಕ್ ಟಕ್ ನಿಂತುಹೋಯಿತು. ಜೇಬಿನಲ್ಲಿ ರಿಂಗು! ಮಾವನ ಕಾಲು ಅಲ್ಲೇ ಅಂಟಿತು. ಪಿನ್ನು ಬಿಚ್ಚಲು ಹೋದೆ. ಒಂದು ಪಿನ್ನು ಬೆರಳಿಗೆ ಚುಚ್ಚಿತು, ಇನ್ನೊಂದು ಬಾಗಿ ಕೂತಿತು. ಅಷ್ಟರಲ್ಲಿ ಎದುರಿಗೆ ಬಸ್ಸು ಬಂದು ನಿಂತಿತು. ಡ್ರೈವರ್ ತಲೆ ಹೊರಹಾಕಿದ.

"ಏನ್ ಸಾಮೀ, ಜೇಬು ಕತ್ರಿಸೋದಾದ್ರೆ ಪಕ್ಕಕ್ಕಾದ್ರೂ ಕರ್ಕಂಡೋಗಿ ಕತ್ರಿಸು."

ಅಂತೂ ಫೋನು ಕೈಗೆ ಬಂತು. ತಿಮ್ಮರಾಜು! "ಸಾರ್, ಎಂಟ್ನೂರು ಮೀಟ್ರು ಅಂದ್ರೆ ಟೀ ಅಂಗ್ಡಿ ತಾವಾ, ಬೇವಿನ್ ಮರದ ತಾವಾ?"

ಬೇವಿನ ಮರ ಎಂದು ಕೂಗುವ ಆವೇಶದಲ್ಲಿ ಒಂದು ಹೆಜ್ಜೆ ಹಿಂದಿಟ್ಟೆ. ಅಲ್ಲಿ ಗುಂಡಿಯಿತ್ತು. ಪಾದ ಉಳುಕಿ ಬಿದ್ದೆ. ಫೋನು ಇಯರ್‌ಫೋನ್ ಸಮೇತ ಬಸ್ಸಿನಡಿ ಸೇರಿತು.

ಮಾವ ಬಸ್ಸನ್ನು ನೋಡಿದರು, ಕಿಟಕಿಗಳಲ್ಲಿ ಇಣುಕುತ್ತಿದ್ದ ಮುಖಗಳನ್ನು ನೋಡಿದರು. ಹೊಳವನಹಳ್ಳಿಯ ಪೇಟೆ ಮತ್ತೆ ಅವರ ಕಣ್ಣಿಗೆ ಬಂದಿತ್ತು. ಬಿದ್ದಲ್ಲಿಂದಲೇ ಅವರ ಕೈ ಹಿಡಿದೆಳೆದೆ. ಕದಲಲಿಲ್ಲ.

ಆಗ ಅತ್ತೆ ಶಿವರುದ್ರಮ್ಮ ಮುಂದೆ ಬಂದರು. ಮಾವ ಹರೆಯದಲ್ಲಿ ಮದುವೆಯ ಮೆರವಣಿಗೆಗಳಲ್ಲಿ ಸಮಾಳ ವಾದ್ಯದ ಬಡಿತಕ್ಕೆ ನಂದಿಕೋಲು ಹೊತ್ತು ಕುಣಿಯುತ್ತಿದ್ದವರು. ಅತ್ತೆ ಅವರನ್ನು ಮೊದಲು ಕಂಡದ್ದೇ ಹಾಗೆ. ಸೆರಗು ಸಿಕ್ಕಿಸಿ, ಅದೇ ಬಡಿತವನ್ನು ಚಪ್ಪಾಳೆಯಲ್ಲಿ ತಟ್ಟತೊಡಗಿದರು.

"ಏನ್ರೀ, ಸಮಾಳ ಬಡೀತಾವ್ರೆ. ಹೆಜ್ಜೆ ಎತ್ರೀ."

ಬಲಗಾಲು ಎದ್ದಿತು! ಹಿಂದೆಯೇ ಎಡಗಾಲು. ನಡೆಯುವವರೆಲ್ಲ ಚಪ್ಪಾಳೆ ಸೇರಿಸಿದರು. ಡ್ರೈವರ್ ಅದೇ ತಾಳಕ್ಕೆ ಹಾರ್ನ್ ಒತ್ತಿದ. ಕಾಣದ ಕೋಲೊಂದನ್ನು ನಡುವಿಗೆ ಆನಿಸಿಕೊಂಡವರಂತೆ ಬೆನ್ನು ನೆಟ್ಟಗೆ ಮಾಡಿ ಮಾವ ರಸ್ತೆ ದಾಟಿದರು. ನನ್ನ ಆ್ಯಪಿಗೆ ಈ ಬಡಿತ ಗೊತ್ತಿರಲಿಲ್ಲ.

ನಾನು ಕುಂಟುತ್ತ ಬೇವಿನ ಮರ ಮುಟ್ಟಿದೆ. ತಿಮ್ಮರಾಜು ಸೀಟು ಒರೆಸಿ, "ಪೇಶೆಂಟ್ ಎಲ್ಲಿ ಸಾರ್?" ಅಂದ. ನಾನೇ ಹತ್ತಿದೆ.

ಬೆಟ್ಟದ ಬುಡದಲ್ಲಿ ಮಾವ ಎಲ್ಲರಿಗಿಂತ ಕೊನೆಯಲ್ಲಿ, ಎಲ್ಲರಿಗಿಂತ ಜೋರು ಚಪ್ಪಾಳೆಯ ನಡುವೆ ಗೆರೆ ದಾಟಿದರು. ಆಟೋದಲ್ಲಿ ಕಾಲು ನೀಡಿ ಕೂತಿದ್ದ ನನ್ನ ಕಣ್ಣು ಒದ್ದೆಯಾಯಿತು; ಕಾಲುನೋವು ಎಂದು ಪಕ್ಕಕ್ಕೆ ಬಂದ ಲೋಹಿತಾಗೆ ಹೇಳಿದೆ. ಅವಳು ನಂಬಲಿಲ್ಲ. ಮೆಡಲ್ ತೊಡಿಸಿದ ಸಂಘಟಕರು, ಅಳಿಯಂದಿರೂ ನಡೆದರೇ ಎಂದು ಮಾವನನ್ನು ವಿಚಾರಿಸಿದರು.

ಕಾಯಿಲೆಯಿಂದ ಮಾವನ ದನಿ ಬಹಳ ಸಣ್ಣಗಾಗಿದೆ. ಆದರೆ ಆ ಉತ್ತರ ಮಾತ್ರ ಆಟೋವರೆಗೂ ಸ್ಪಷ್ಟವಾಗಿ ಕೇಳಿಸಿತು.

"ಊಂ, ನಡೆದ್ರು. ಎಂಟ್ನೂರು ಮೀಟರ್."