ಹದಿಹರೆಯದ ಕೋಣೆಯ ಹಿರಿಯರು

ನಗೆಪಾಟಲಾಗೋದಕ್ಕೆ ನಾನು ಎಲ್ಲಿಗೂ ಹೋಗಬೇಕಾಗಿಲ್ಲ. ಬಂಗಾರಪೇಟೆಯ ನಮ್ಮ ಲೈಬ್ರರಿ ಬಾಗಿಲು ತೆಗೆದರೆ ಸಾಕು, ಅದೇ ಒಳಗೆ ಬಂದು ಕೂರುತ್ತೆ. ನನ್ನ ಕೆಲಸ ಹದಿಹರೆಯದವರ ವಿಭಾಗ ನೋಡಿಕೊಳ್ಳೋದು. ವಿಭಾಗ ಅಂದರೆ ಒಂದು ಕೋಣೆ, ಎರಡು ಬೀರು, ಒಂದು ಜಮಖಾನೆ, ಒಂದು ಫ್ಯಾನ್. ‘ಹದಿಮೂರರಿಂದ ಹದಿನೆಂಟು ವರ್ಷದವರಿಗೆ ಮಾತ್ರ’ ಅಂತ ಬಾಗಿಲಿಗೆ ನಾನೇ ಬರೆದು ಅಂಟಿಸಿದೆ. ಅಂಟಿಸಿದ್ದಷ್ಟೇ ಬಂತು.

ಫ್ಯಾನ್ ಕೆಳಗಿನ ತಾತ

ಈ ಕೋಣೆಗೆ ಬಂದ ಮೊದಲ ಓದುಗರ ತಲೆಯಲ್ಲಿ ಒಂದು ಕಪ್ಪು ಕೂದಲೂ ಇರಲಿಲ್ಲ. ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ಕೆಲಸ ಮಾಡಿ, ಈಗ ಇಲ್ಲಿ ಮಗಳ ಮನೆಯಲ್ಲಿರೋ ತಾತ. ಪೇಪರ್ ಓದೋ ಹಾಲ್‌ನ ಫ್ಯಾನ್ ಕೆಟ್ಟಿತ್ತು. ಸೀದಾ ನನ್ನ ಕೋಣೆಗೆ ಬಂದು ಕೂತರು.

“ತಾತಾ, ಇದು ಹದಿನೆಂಟರ ಒಳಗಿನೋರಿಗೆ.”

“ಹದಿನೆಂಟಕ್ಕೇ ನನ್ನ ಗಣಿಗೆ ಇಳಿಸ್ಬಿಟ್ರು ಮಾ. ಅದಕ್ಕೆ ಮುಂಚೆ ಓದ್ಬೇಕಾಗಿದ್ದೆಲ್ಲ ಅಂಗೇ ಬಾಕಿ ಐತೆ. ಮುಗಿಸ್ಕೊಂಡು ಎದ್ದೋಗ್ತೀನಿ.”

ಹಾಲ್‌ನ ಫ್ಯಾನ್ ರಿಪೇರಿ ಆಗಿ ಎಷ್ಟೋ ಕಾಲ ಆಯ್ತು. ತಾತನ ಬಾಕಿ ಇನ್ನೂ ಮುಗಿದಿಲ್ಲ.

ಕೈ ಹಿಡಿದ ಪುಟ

ಬೂದಿಕೋಟೆಯಿಂದ ಬಸ್ಸಲ್ಲಿ ಕಾಲೇಜಿಗೆ ಬರೋ ಹುಡುಗಿಯೊಬ್ಬಳು, ಸಂಜೆ ಬಸ್ಸು ಬರೋವರೆಗೆ ನಮ್ಮಲ್ಲಿ ಓದೋಳು. ಅಷ್ಟೇ ಅವಳ ಸುಖ. ಒಂದು ದಿನ ಅವಳಮ್ಮ ಕಾದಂಬರಿಯನ್ನ ಕಂಕುಳಲ್ಲಿ ಇಟ್ಟುಕೊಂಡು, ಮಗಳನ್ನ ಎಳೆದುಕೊಂಡು ಬಂದರು.

“ಏನಮ್ಮಾ, ಇದ್ರಾಗೆ ಉಡುಗ ಉಡುಗಿ ಕೈ ಕೈ ಇಡ್ಕಂಡು ತಿರುಗ್ತಾರಂತೆ! ನಮ್ಮುಡುಗಿ ಇನ್ಮೇಲೆ ಇಲ್ಲಿಗೆ ಬರಾಕಿಲ್ಲ.”

ಹುಡುಗಿ ಕಣ್ಣಲ್ಲಿ ನೀರು. ನನಗೆ ರೇಗಿತು. “ಯಾವ ಪುಟದಲ್ಲಿದೆ ತೋರಿಸಿ.”

“ನಾನೆಲ್ಲಿ ಓದಿದ್ದೀನಿ? ಪಕ್ಕದ್ಮನೆಯೋಳು ಯೋಳಿದ್ಲು.”

“ಪೂರ್ತಿ ಓದಿ ನೋಡಿ ಅಕ್ಕಾ. ಕೆಟ್ಟದ್ದು ಅನ್ನಿಸಿದರೆ ಆ ಪುಸ್ತಕ ನಾನೇ ತೆಗೆದುಹಾಕ್ತೀನಿ, ನಿಮ್ಮ ಹುಡುಗಿ ಬರೋದೂ ಬೇಡ.”

“ಇಂಥದ್ದನ್ನ ಮತ್ತೆ ಮನೇಗ್ ತಗಂಡೋದ್ರೆ ನಮ್ಮತ್ತೆ ಸುಮ್ನಿರ್ತಾರಾ? ಇಲ್ಲೇ ಓದ್ತೀನಿ,” ಅಂತ ಜಮಖಾನೆ ಮೇಲೆ ಕೂತೇಬಿಟ್ಟರು.

ಬೂದಿಕೋಟೆ ಬಸ್ಸು ಹೋಯ್ತು. ಅದರ ಹಿಂದೆ ಬಂದದ್ದೂ ಹೊರಟಿತು. “ಅಮ್ಮಾ, ಬಸ್ಸು!” ಅಂತ ಮಗಳು ಸೆರಗು ಜಗ್ಗಿದರೆ, “ತಡಿಯೇ, ಅವ್ನು ಕೈ ಬಿಟ್ನೋ ಇಲ್ವೋ ನೋಡ್ತೀನಿ,” ಅಂದರು.

ಶ್ಶ್!

ಆಮೇಲೆ ಹುಡುಗಿಯ ಅಮ್ಮ ಡೈರಿಗೆ ಹಾಲು ಹಾಕಿ ದಿನಾ ಬರೋಕೆ ಶುರುಮಾಡಿದರು. ಆ ಕಾದಂಬರೀನ ತಾತ ಯಾವತ್ತೋ ಓದಿ ಮುಗಿಸಿದ್ದರು. ಒಂದು ಮಧ್ಯಾಹ್ನ ಮೆಲ್ಲಗೆ ಬಗ್ಗಿ, “ಆ ಉಡುಗ ಇದಾನಲ್ಲ ಮಾ, ಅವ್ನು ಕೊನೇಲಿ...” ಅಂದರು.

“ಯೋ ತಾತಾ! ಬಾಯ್ ಮುಚ್ಚು, ಯೋಳ್ಬ್ಯಾಡ!”

ಕಿಟಕಿ ಗಾಜು ಅದುರಿತು. ಓದುತ್ತಾ ಕೂತಿದ್ದ ಹುಡುಗ ಹುಡುಗಿಯರೆಲ್ಲ ಒಟ್ಟಿಗೆ ತಿರುಗಿ, ತುಟಿ ಮೇಲೆ ಬೆರಳಿಟ್ಟು, “ಶ್ಶ್!” ಅಂದರು. ಇಷ್ಟು ವರ್ಷ ಅವರನ್ನ ಗದರಿಸಿ ಗದರಿಸಿ ನನ್ನ ಗಂಟಲು ಒಣಗಿದ್ದು ಕೊನೆಗೂ ಉಪಯೋಗಕ್ಕೆ ಬಂತು.

ತೀರ್ಮಾನ

ಕೊನೇ ಪುಟ ಮುಗಿದ ದಿನ ಹುಡುಗಿ ಬೀರು ಪಕ್ಕ ಬೆವರುತ್ತಾ ನಿಂತಿದ್ದಳು. ಅವಳಮ್ಮ ಪುಸ್ತಕವನ್ನ ನನ್ನ ಮೇಜಿನ ಮೇಲೆ ಕುಕ್ಕಿದರು.

“ಥೂ! ಇಂಥ ಪುಸ್ತಕ ಮಡಗ್ಬೌದೇನಮ್ಮಾ?”

ಮುಗೀತು ಕಥೆ ಅಂದುಕೊಂಡೆ.

“ಊರೆಲ್ಲಾ ಕೈ ಇಡ್ಕಂಡು ತಿರುಗಿಸ್ಬಿಟ್ಟು, ಕೊನೇಗೆ ಮದುವೇನೇ ಮಾಡಿಲ್ವಲ್ಲ! ಎರಡನೇ ಭಾಗ ಎಲ್ಲೈತೆ, ಕೊಡಿ.”

ಅದಕ್ಕೆ ಎರಡನೇ ಭಾಗವೇ ಇಲ್ಲ. ಹೇಳೋಣ ಅಂತ ಬಾಯಿ ತೆರೆದೆ. ಅಮ್ಮನ ಬೆನ್ನ ಹಿಂದೆ ಹುಡುಗಿ ಎರಡೂ ಕೈ ಜೋಡಿಸಿದಳು.

“ಬರುತ್ತೆ ಅಕ್ಕಾ,” ಅಂದೆ. “ಸ್ವಲ್ಪ ತಡ ಆಗುತ್ತೆ.”

“ಸರಿ, ಬರೋಗಂಟ ಇವ್ಳು ದಿನಾ ಬಂದು ಇಚಾರಿಸ್ಕಂಡು ಬರ್ಲಿ. ಬಂದ್ರೆ ಮೊದ್ಲು ನಂಗೇ ಕೊಡ್ಬೇಕು!”

ಫ್ಯಾನ್ ಕೆಳಗಿಂದ ತಾತ ತಲೆ ಎತ್ತಿದರು. “ಎರಡನೇ ಭಾಗಾನೂ ಓದಿದ್ದೀನಿ ಮಾ. ಅದ್ರಲ್ಲಿ ಕೊನೇಲಿ...”

“ಯೋ ತಾತಾ!” ಅಂತ ಆಯಮ್ಮ ಎರಡೂ ಕಿವಿ ಮುಚ್ಚಿಕೊಂಡು ಬಸ್ಸಿಗೆ ಓಡಿದರು.