ಟಿಟ್ವಾಳಾದ ಮಾವನ ಪೆಂಡಿಂಗ್ ಫೋಲ್ಡರು

ನನಗಿಂತ ಬುದ್ಧಿವಂತರು ಡೊಂಬಿವಲಿಯಲ್ಲಿ ಇರಬಹುದು. ನಾನು ಹುಡುಕಲು ಹೋಗಿಲ್ಲ. ಹನ್ನೊಂದನೆಯ ತರಗತಿಯ ಹುಡುಗ ಹೀಗೆಲ್ಲ ಬರೆದುಕೊಳ್ಳಬಾರದು ಎನ್ನುತ್ತಾಳೆ ಅಮ್ಮ. ಆದರೆ ನಾನೇ ಹೇಳದಿದ್ದರೆ ಈ ಮನೆಯಲ್ಲಿ ಇನ್ಯಾರೂ ಹೇಳುವ ಲಕ್ಷಣವಿಲ್ಲ.

ಪಪ್ಪ ವಾರವಿಡೀ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರು, ಭಾನುವಾರ ಯಕ್ಷಗಾನ ತಂಡದ ಚೆಂಡೆಯವರು. ಒಂಬತ್ತು ವರ್ಷದ ಆಟಗಳನ್ನೆಲ್ಲ ರೆಕಾರ್ಡ್ ಮಾಡಿ ಕಂಪ್ಯೂಟರಿನಲ್ಲಿ ತುಂಬಿಟ್ಟಿದ್ದಾರೆ. ಅದು ಮಿಕ್ಸಿಯಂತೆ ಸದ್ದು ಮಾಡತೊಡಗಿದ ಮೇಲೆ, ಐಸಿಯುವಿನ ಹೊರಗೆ ಕಾಯುವವರ ಹಾಗೆ ಅದರ ಮುಂದೆ ಕೂರುತ್ತಿದ್ದರು. "ಇದು ಹೋದ್ರೆ ನನ್ನ ಒಂಬತ್ತು ವರ್ಷ ಹೋಯ್ತು ಮಾರಾಯ. ಎಂಥಾದ್ರೂ ಮಾಡು" ಎಂದರು.

ಮಾಡಿದೆ. ಪುಕ್ಕಟೆ ಸಿಗುವ ಬ್ಯಾಕಪ್ ಸಾಫ್ಟ್‌ವೇರ್ ಒಂದಿತ್ತು. ಅದಕ್ಕೆ ಅದೇ ಕಂಪ್ಯೂಟರಿನೊಳಗೆ ನಕಲು ಇಡುವುದಷ್ಟೇ ಗೊತ್ತು. ಮನೆಯ ಡೂಪ್ಲಿಕೇಟ್ ಕೀಯನ್ನು ಮನೆಯೊಳಗೇ ಇಟ್ಟು ಬೀಗ ಹಾಕಿದ ಹಾಗೆ. ನಮ್ಮ ಬಿಲ್ಡಿಂಗಿನಲ್ಲಿ ಎಲ್ಲರೂ ಅದನ್ನು ಎದುರುಮನೆಯಲ್ಲಿ ಕೊಟ್ಟಿಡುತ್ತಾರೆ. ಸಾಫ್ಟ್‌ವೇರಿಗೂ ಒಂದು ಎದುರುಮನೆ ಬೇಕಲ್ಲ? ದೂರದ ಜಾಗಕ್ಕೆ ನಕಲು ಕಳಿಸುವ ಭಾಗವನ್ನು ನಾನೇ ಬರೆದು ಸೇರಿಸಿದೆ. ಬ್ಯಾಕೆಂಡ್ ಅನ್ನುತ್ತಾರೆ ಅದಕ್ಕೆ. ನಲವತ್ತು ಸಾಲು. ಗೆಳೆಯರಿಗೆ ನಾನೂರು ಎಂದಿದ್ದೇನೆ. ಆನ್‌ಲೈನಿನ ಪುಕ್ಕಟೆ ಜಾಗ ಎರಡೇ ಆಟಕ್ಕೆ ತುಂಬಿದ್ದರಿಂದ ಟಿಟ್ವಾಳಾದ ಮಾವನ, ಅಂದರೆ ಅಮ್ಮನ ಅಣ್ಣನ, ಕಂಪ್ಯೂಟರನ್ನು, ಅವರಿಗೆ ವಿವರಿಸುವ ಗೋಜಿಗೆ ಹೋಗದೆ, ಜೋಡಿಸಿದೆ. ಎರಡೂ ಕಡೆ ಸದಾ ಒಂದೇ ಥರ ಇರಬೇಕು. ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆಯೂ ಅಳಿಯಬೇಕು. ಅಚ್ಚುಕಟ್ಟು. ಕಳ್ಳರಿಗೆ ತಿಳಿಯದಂತೆ ಅಲ್ಲಿ ಫೈಲುಗಳ ಹೆಸರನ್ನೂ ಗೂಢಲಿಪಿಗೆ ತಿರುಗಿಸಿದೆ. "ಯಕ್ಷಗಾನ ಕದೀಲಿಕ್ಕೆ ಟಿಟ್ವಾಳಾದವರೆಗೆ ಯಾರು ಹೋಗ್ತಾರೆ ಮಗಾ?" ಎಂದಳು ಅಮ್ಮ. ತಾಂತ್ರಿಕ ವಿಷಯ ಅವಳಿಗೆ ಅರ್ಥವಾಗುವುದಿಲ್ಲ.

ಮೂರನೆಯ ವಾರ ಪಪ್ಪ ನೋಡಿದರೆ ನಮ್ಮ ಕಂಪ್ಯೂಟರಿನ ಆಟಗಳ ಫೋಲ್ಡರು ಖಾಲಿ. ಪಪ್ಪ ಬೈಯಲಿಲ್ಲ, ಚೆಂಡೆಯ ಕೋಲು ಎಲ್ಲಿದೆ ಎಂದಷ್ಟೇ ಕೇಳಿದರು. ನಾನು ಬಾಲ್ಕನಿಗೆ ಓಡಿ ಮಾವನಿಗೆ ಫೋನ್ ಮಾಡಿದೆ.

"ಮಾವ, ನಿಮ್ಮ ಕಂಪ್ಯೂಟರಲ್ಲಿ ನಮ್ದೊಂದು ಫೋಲ್ಡರ್ ಇತ್ತಲ್ಲ?"

"ಅದು ನಿಮ್ದಾ? ಬೆಕ್ಕು ಕೀಬೋರ್ಡಿನ ಮೇಲೆ ನಡೆದ ಹಾಗೆ ಹೆಸರುಗಳು ಮಾರಾಯ. ವೈರಸ್ ಅಂತ ತೆಗ್ದೆ."

"ಡಿಲೀಟ್ ಮಾಡಿದ್ರಾ?"

"ಡಿಲೀಟಾ? ಜನ್ಮ ಇಡೀ ಕಲ್ಯಾಣದ ಆಫೀಸಲ್ಲಿ ಕ್ಲಾರ್ಕ್ ಆಗಿದ್ದವ ನಾನು. ಯಾರದ್ದೂಂತ ಗೊತ್ತಿಲ್ಲದ ಕಾಗದ ಹರೀಲಿಕ್ಕೆ ಉಂಟಾ? ಪೆಂಡಿಂಗ್ ಅಂತ ಬೇರೆ ಫೋಲ್ಡರ್ ಮಾಡಿ ಅದಕ್ಕೆ ಹಾಕಿದ್ದೇನೆ."

ಫೈಲುಗಳು ಜಾಗ ಬದಲಿಸಿದ್ದನ್ನು ನನ್ನ ಸಾಫ್ಟ್‌ವೇರ್ ಅಳಿಸಿದ್ದೆಂದು ತಿಳಿದು, ವಿಧೇಯವಾಗಿ ಇಲ್ಲೂ ಅಳಿಸಿತ್ತು. ಪಪ್ಪ, ನಾನು ಮುಂದಿನ ಲೋಕಲ್ ರೈಲು ಹಿಡಿದು ಟಿಟ್ವಾಳಾಕ್ಕೆ ಹೋಗಿ ಒಂಬತ್ತೂ ವರ್ಷವನ್ನು ಹಾರ್ಡ್ ಡಿಸ್ಕಿನಲ್ಲಿ ಹೊತ್ತು ತಂದೆವು. ಅಳಿಸುವ ಅಚ್ಚುಕಟ್ಟನ್ನು ಅಂದೇ ಕಿತ್ತುಹಾಕಿದೆ.

ಈಗ ಪಪ್ಪ ತಂಡದಲ್ಲೆಲ್ಲ, "ನಮ್ಮ ಭಾವನಿಗೆ ಕಂಪ್ಯೂಟರ್ ಅಂದ್ರೆ ನೀರು ಕುಡಿದ ಹಾಗೆ" ಎಂದು ಸಾರಿದ್ದಾರೆ. ಯಾರ ಫೋನು ಕೆಟ್ಟರೂ ಟಿಟ್ವಾಳಾಕ್ಕೆ ಕರೆ ಹೋಗುತ್ತದೆ. ಮಾವ "ನೋಡಿ ಹೇಳ್ತೇನೆ" ಎಂದು ಫೋನಿಟ್ಟು, ಮೆಲ್ಲಗೆ ನನಗೆ ಫೋನ್ ಮಾಡುತ್ತಾರೆ. ನಾನು ಒಂದೊಂದಾಗಿ ವಿವರಿಸುತ್ತೇನೆ. ಪಕ್ಕದಲ್ಲಿ ಕೂತ ಪಪ್ಪ ತಲೆಯಾಡಿಸುತ್ತಾರೆ: "ಮಾವನ ಹತ್ರ ಏನಾದ್ರೂ ಕಲೀತಾ ಇದ್ದೀಯಲ್ಲ, ಅಷ್ಟೇ ಸಾಕು."