ತಪ್ಪಿಹೋದ ಎರಡನೇ ಸುತ್ತಿನ ಬಗ್ಗೆ

ಇಂದ,
ಪುಸ್ತಕ ಕಟ್ಟುವವರು
(ಆಟದಲ್ಲಿ: ಗುರಾಣಿ ಹೊತ್ತ ಯೋಧ ‘ಭಾರಪ್ಪ’)
ಹಿಂದಿನ ಕೋಣೆ

ಗೆ,
ಭಾನುವಾರದ ದಾಳದಾಟದ ಸಂಚಾಲಕರು ಹಾಗೂ ಅರ್ಜಿದಾರರ ಒಬ್ಬಳೇ ಮಗಳು
ಅದೇ ಮನೆ, ಮುಂದಿನ ಕೋಣೆ

ವಿಷಯ: ಕಾಳಗದ ಎರಡನೇ ಸುತ್ತಿನಲ್ಲಿ ಅರ್ಜಿದಾರರಿಗೆ ಸಲ್ಲಬೇಕಾದ ಸರದಿಯನ್ನು ಮಂಜೂರು ಮಾಡುವ ಕುರಿತು.

ಉಲ್ಲೇಖ: 1. ತಮ್ಮ ಕೈಬರಹದ ನಿಯಮ ಪುಸ್ತಕ, ಪುಟ ಒಂಬತ್ತು. 2. ಕಳೆದ ಭಾನುವಾರದ ತಮ್ಮ ಮೌಖಿಕ ತೀರ್ಪು.

ಮಾನ್ಯರೇ,

1. ಸದರಿ ಆಟದಲ್ಲಿ ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ತಾವು ಹೇಳುವ ಕಥೆಯೊಳಗೆ ನಡೆಯುತ್ತಾರೆ. ಕಾಳಗ ಎದುರಾದರೆ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಹೆಚ್ಚು ಬಿದ್ದವರಿಗೆ ಮೊದಲ ಸರದಿ. ಹೊಂಚು ಹಾಕಿದವರನ್ನು ಮುಂಚೆಯೇ ಗಮನಿಸದವರು ‘ಎಚ್ಚರ ತಪ್ಪಿದವರು’. ಮೊದಲ ಸುತ್ತಿನಲ್ಲಿ ಅವರು ಏನೂ ಮಾಡುವಂತಿಲ್ಲ. ಎರಡನೇ ಸುತ್ತಿನಿಂದ ಅವರಿಗೂ ಸರದಿ ಉಂಟು (ಪುಟ ಒಂಬತ್ತು).

2. ಕಳೆದ ಭಾನುವಾರ ಕಥೆಯಲ್ಲಿ ಸೇತುವೆಯ ಕೆಳಗಿಂದ ಕಳ್ಳರು ಮೇಲೆ ಬಿದ್ದಾಗ, ಆಟದ ಜೊತೆಗಾರರಾದ ಕನ್ನಡಕದಂಗಡಿಯವರಿಗೆ ಹದಿನೆಂಟು, ಅರ್ಜಿದಾರರ ತಂಗಿಯಾದ ನರ್ಸಮ್ಮನವರಿಗೆ ಹನ್ನೊಂದು, ಅರ್ಜಿದಾರರಿಗೆ ಮೂರು ಬಿತ್ತು. ಕನ್ನಡಕದಂಗಡಿಯವರು ಕತ್ತಿ ಎತ್ತುವುದು ಬಿಟ್ಟು, ದಾಳವನ್ನು ಅಂಗೈಯಲ್ಲಿ ಹಿಸುಕುತ್ತಾ, “ಸಾರ್, ಬರೋ ವಾರ ಬುಧವಾರ ನಾನೂ ನಿಮ್ಮ ಮಗಳೂ ರಿಜಿಸ್ಟರ್ ಮದುವೆ ಆಗ್ತಿದ್ದೀವಿ” ಎಂದರು. ನರ್ಸಮ್ಮನವರು ತಮ್ಮ ಸರದಿಯಲ್ಲಿ, ಆರು ತಿಂಗಳಿಂದ ತಮಗೆ ಗೊತ್ತಿದ್ದುದಾಗಿ ತಿಳಿಸಿ ಬಿಸ್ಕತ್ತು ತೆಗೆದುಕೊಂಡರು.

3. ಅರ್ಜಿದಾರರು ಬಾಯಿ ತೆರೆದರು. ತಾವು ಕೈಯೆತ್ತಿ, “ಅಪ್ಪ, ನೀವು ಎಚ್ಚರ ತಪ್ಪಿದ್ದೀರಿ. ಈ ಸುತ್ತಲ್ಲಿ ಮಾತಾಡೋ ಹಾಗಿಲ್ಲ” ಎಂದು ತೀರ್ಪಿತ್ತಿರಿ. ಸದರಿ ವ್ಯಕ್ತಿಯೇ ಒಂದು ವರ್ಷದಲ್ಲಿ ಎರಡು ಸಲ ಕನ್ನಡಕ ಬದಲಿಸಿಕೊಟ್ಟರೂ ಅರ್ಜಿದಾರರಿಗೆ ಏನೂ ಕಾಣದೇ ಹೋದ ಕಾರಣ, ಈ ತೀರ್ಪಿನ ಮೇಲೆ ಮೇಲ್ಮನವಿ ಇರುವುದಿಲ್ಲ.

4. ತೀರ್ಪಿಗೆ ತಾವು ಕೊಟ್ಟ ಕಾರಣ: “ಎರಡು ವರ್ಷದ ಹಿಂದೆ, ಒಬ್ಬರನ್ನ ಇಷ್ಟಪಟ್ಟಿದ್ದೀನಿ ಅಂದಾಗ, ಹೆಸರು ಹೇಳೋಕೂ ಬಿಡದೆ ತಟ್ಟೆ ತಳ್ಳಿ ಎದ್ದು ಹೋದ್ರಿ. ಒಂದು ಸುತ್ತಾದ್ರೂ ಸುಮ್ನೆ ಕೂತು ಕೇಳ್ಲಿ ಅಂತ ಹೀಗೆ ಮಾಡ್ದೆ.” ತಟ್ಟೆ ತಳ್ಳಿದ್ದು ನಿಜ; ದಾಖಲಿಸಿಕೊಳ್ಳಬಹುದು. ಅಂದು ಹೆಸರು ಕೇಳಿಸಿಕೊಳ್ಳದ ಕಾರಣವೇ, ಅರ್ಜಿದಾರರು ಅದೇ ವ್ಯಕ್ತಿಗೆ ಹೆಗಲು ಕೊಟ್ಟು ಎರಡು ವರ್ಷ ರಾಕ್ಷಸರೊಡನೆ ಬಡಿದಾಡಿದರು. ಭಾರಪ್ಪ ಹಳ್ಳಕ್ಕೆ ಬಿದ್ದಾಗಲೆಲ್ಲ ಹಗ್ಗ ಇಳಿಬಿಟ್ಟವರು ಅವರೊಬ್ಬರೇ. ತಂಗಿ ಒಮ್ಮೆಯೂ ಹಿಂತಿರುಗಿ ನೋಡಿದ್ದಿಲ್ಲ.

5. ಬಳಿಕ ತಾವು ಕಣ್ಣೊರೆಸಿಕೊಂಡು ನಕ್ಷೆ ಮಡಚಿದಿರಿ. ಕನ್ನಡಕದಂಗಡಿಯವರು ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ಹೊರಟರು. ಎರಡನೇ ಸುತ್ತು ಶುರುವಾಗಲೇ ಇಲ್ಲ. ಅಂದಿನಿಂದ ನಾಲ್ಕು ದಿನ ಅರ್ಜಿದಾರರು ಮಾತಾಡಿಲ್ಲ. ಅದನ್ನು ಕೋಪವೆಂದು ಭಾವಿಸಿ ನರ್ಸಮ್ಮನವರು ಎರಡು ಸಲ ಫೋನಿನಲ್ಲಿ ತರಾಟೆಗೆ ತೆಗೆದುಕೊಂಡಿರುತ್ತಾರೆ. ಮೊದಲೆರಡು ದಿನ ಕೋಪ ಇದ್ದದ್ದು ಹೌದು. ಮೂರನೇ ದಿನ ಒಂದು ಇಡೀ ಪುಸ್ತಕವನ್ನು ತಲೆಕೆಳಗಾಗಿ ಹೊಲಿದಿಟ್ಟ ಮೇಲೆ ಅದು ಇಳಿಯಿತು. ಆಮೇಲಿನದು ಸರದಿಗಾಗಿ ಕಾಯುತ್ತಿದ್ದ ಮೌನ.

ಆದ್ದರಿಂದ, ಎರಡನೇ ಸುತ್ತನ್ನು ಕೂಡಲೇ ಆರಂಭಿಸಬೇಕಾಗಿ ಪ್ರಾರ್ಥನೆ. ತಮ್ಮ ಸರದಿಯಲ್ಲಿ ಅರ್ಜಿದಾರರು ಎರಡು ಬೀದಿ ನಡೆದು ಕನ್ನಡಕದಂಗಡಿಗೆ ಹೋಗಿ, ಅಳಿಯಂದಿರನ್ನು ಊಟಕ್ಕೆ ಕರೆಯಲಿದ್ದಾರೆ. ಬರುವ ಬುಧವಾರದ ಸಾಕ್ಷಿ ಸಹಿಯ ಸ್ಥಳದಲ್ಲಿ ಈಗಾಗಲೇ ನರ್ಸಮ್ಮನವರ ಹೆಸರಿದ್ದಲ್ಲಿ, ಅದರ ಕೆಳಗಿನ ಸಾಲಾದರೂ ಸಾಕು.

ಇತಿ, ತಮ್ಮ ವಿಶ್ವಾಸಿಯೂ ತಂದೆಯೂ ಆದ,
ಅರ್ಜಿದಾರ

ಲಗತ್ತು:
1. ಭಾರಪ್ಪನ ಪಾತ್ರದ ಹಾಳೆ, ಚಹಾದ ಕಲೆ ಸಹಿತ.
2. ಅರ್ಜಿದಾರರ ಗುರುತಿನ ಚೀಟಿಯ ನಕಲು, ಎರಡು ಪ್ರತಿ. ಸಾಕ್ಷಿಗಳಿಂದ ಇದನ್ನು ಕೇಳುತ್ತಾರೆಂದು ನೋಂದಣಿ ಕಚೇರಿಗೆ ಹೋಗಿ ತಿಳಿದುಕೊಳ್ಳಲಾಗಿದೆ.

ವಿ.ಸೂ.: ಲಿಖಿತ ಉತ್ತರದ ಅಗತ್ಯವಿಲ್ಲ. ಅರ್ಜಿದಾರರು ಅಡುಗೆಮನೆಯಲ್ಲಿದ್ದಾರೆ, ಒಂದು ಸಲ ‘ಅಪ್ಪ’ ಎಂದು ಕೂಗಬೇಕಾಗಿ ವಿನಂತಿ.